ಬಿ-ಕಾಂಪ್ಲೆಕ್ಸ್‌ನ ಎಲ್ಲ ವಿಟಮಿನ್‌ಗಳನ್ನೂ ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್‌ನಲ್ಲಿ ಒಂದೇ ರನ್‌ಗೆ ಅಳೆಯಬಹುದಾ?

ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್ ಅಂದರೆ ಕೂದಲಿನಷ್ಟು ತೆಳು ನಳಿಗೆಯಲ್ಲಿ ವೋಲ್ಟೇಜ್ ಕೊಟ್ಟು ಅಣುಗಳನ್ನು ಬೇರೆ ಮಾಡುವ ವಿಧಾನ. ಅದರಲ್ಲಿ ಪಿಎಚ್ 9ರ ಬೋರೇಟ್ ಬಫರ್‌ನಲ್ಲಿ ಬಿ-ಕಾಂಪ್ಲೆಕ್ಸ್ ಕ್ಯಾಪ್ಸೂಲ್ ಓಡಿಸಿದ್ದೀರಿ, ನಿಕೋಟಿನಮೈಡ್ (ಬಿ3) ಮತ್ತು ಬಿ12ರ ಪೀಕ್‌ಗಳು (ಗ್ರಾಫ್‌ನ ಉಬ್ಬುಗಳು) ಒಂದರ ಮೇಲೊಂದು ಬೀಳುತ್ತಿವೆ, ಪಿಎಚ್ ಬದಲಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಹೋಗಲ್ಲ. 8 ಮಾಡಿ, 10 ಮಾಡಿ, ಅವು ಜೊತೆಯಲ್ಲೇ ಬರುತ್ತವೆ. ಔಷಧ ಲ್ಯಾಬ್‌ನಲ್ಲಿ ಇದೇ ತಲೆನೋವನ್ನು ನಾನೂ ಕೆಲವು ತಿಂಗಳು ಅನುಭವಿಸಿದ್ದೇನೆ.

ಆ ಪಿಎಚ್‌ನಲ್ಲಿ ಕ್ಯಾಪಿಲರಿಯ ಒಳಗೋಡೆಗೆ ಋಣ ಚಾರ್ಜ್ ಇರುತ್ತದೆ. ವೋಲ್ಟೇಜ್ ಕೊಟ್ಟ ಕೂಡಲೇ ಇಡೀ ದ್ರವ ಕ್ಯಾಥೋಡ್ (ಋಣ ತುದಿ) ಕಡೆ ಹರಿಯುತ್ತದೆ. ಧನ ಚಾರ್ಜ್ ಇರುವ ಥಯಾಮಿನ್ (ಬಿ1) ಎಲ್ಲರಿಗಿಂತ ಮುಂಚೆ ಬರುತ್ತದೆ. ಋಣ ಚಾರ್ಜ್ ಇರುವ ಫೋಲಿಕ್ ಆಮ್ಲ, ವಿಟಮಿನ್ ಸಿ, ಪ್ಯಾಂಟೋಥೆನೇಟ್ ಹಿಂದಕ್ಕೆ ಎಳೆಯುತ್ತಾ ನಿಧಾನಕ್ಕೆ ಬರುತ್ತವೆ. ನಿಕೋಟಿನಮೈಡ್‌ಗೂ ಬಿ12ಕ್ಕೂ ಚಾರ್ಜೇ ಇಲ್ಲ. ಹೊಳೆಯಲ್ಲಿ ತೇಲುವ ಎಲೆಗಳ ಹಾಗೆ ಎರಡೂ ಹರಿವಿನ ಜೊತೆಗೇ ಬರುತ್ತವೆ. ಬಿ2 ಕೂಡ ಹೆಚ್ಚುಕಡಿಮೆ ಅಲ್ಲೇ ಸುತ್ತಾಡುತ್ತದೆ. ಬಿ6ದು ಬೇರೆ ಕಥೆ: ಅದರ ಒಂದು ಪಿಕೆಎ (ಅಣುವಿನ ಚಾರ್ಜ್ ಬದಲಾಗುವ ಪಿಎಚ್) 9ರ ಹತ್ತಿರವೇ ಇದೆ, ಬಫರ್ ಪಿಎಚ್ ಸ್ವಲ್ಪ ಆಚೀಚೆ ಆದರೂ ಪೀಕ್ ಜಾಗ ಬದಲಿಸುತ್ತದೆ.

ಪರಿಹಾರ ಎಸ್‌ಡಿಎಸ್ (ಸೋಡಿಯಂ ಡೋಡೆಸಿಲ್ ಸಲ್ಫೇಟ್, ಸೋಪಿನಂಥ ವಸ್ತು). 1984ರಲ್ಲಿ ಜಪಾನಿನ ಶಿಗೆರು ತೆರಾಬೆ ಮತ್ತು ಸಂಗಡಿಗರು ತೋರಿಸಿದ ದಾರಿ ಇದು. ಬಫರ್‌ಗೆ 25ರಿಂದ 50 ಮಿಲಿಮೋಲಾರ್ ಎಸ್‌ಡಿಎಸ್ ಸೇರಿಸಿದರೆ ಮೈಸೆಲ್‌ಗಳು ಆಗುತ್ತವೆ, ಅಂದರೆ ಎಸ್‌ಡಿಎಸ್ ಅಣುಗಳ ಪುಟ್ಟ ಗುಂಪುಗಳು; ಅವಕ್ಕೆ ಋಣ ಚಾರ್ಜ್, ನಿಧಾನಕ್ಕೆ ಬರುತ್ತವೆ. ಚಾರ್ಜ್ ಇಲ್ಲದ ಅಣುಗಳು ಅವುಗಳೊಳಗೆ ಎಷ್ಟು ಹೊತ್ತು ಕೂರುತ್ತವೆ ಅನ್ನೋದರ ಮೇಲೆ ಬೇರೆಯಾಗುತ್ತವೆ. ನಿಕೋಟಿನಮೈಡ್ ಹೆಚ್ಚು ಕೂರಲ್ಲ, ಬೇಗ ಬರುತ್ತದೆ. ಥಯಾಮಿನ್ ಮಾತ್ರ ಉಲ್ಟಾ ಹೊಡೆಯುತ್ತದೆ: ಧನ ಚಾರ್ಜ್ ಅಲ್ವಾ, ಮೈಸೆಲ್‌ಗೆ ಅಂಟಿಕೊಂಡು ಕೊನೆಗೆ ಬರುತ್ತದೆ. ಪೀಕ್ ಕಾಣೆಯಾಯಿತು ಅಂತ ರನ್ ಬೇಗ ನಿಲ್ಲಿಸಬೇಡಿ.

ಒಂದು ಎಚ್ಚರಿಕೆ. ಬೋರೇಟ್ ಬಿಟ್ಟು ಫಾಸ್ಫೇಟ್ ತೆಗೆದುಕೊಂಡರೆ ಸೋಡಿಯಂ ಫಾಸ್ಫೇಟೇ ಇರಲಿ. ನಾನು ಕಪಾಟಿನಲ್ಲಿ ಕೈಗೆ ಸಿಕ್ಕ ಪೊಟ್ಯಾಶಿಯಂ ಫಾಸ್ಫೇಟ್ ಹಾಕಿದ್ದೆ. ಎಸ್‌ಡಿಎಸ್ ಸೇರಿಸಿದ್ದೇ ತಡ, ಬಾಟಲಿ ತುಂಬ ಒಡೆದ ಹಾಲಿನ ಹಾಗೆ ಬಿಳಿ ಚೂರು. ಪೊಟ್ಯಾಶಿಯಂ ಡೋಡೆಸಿಲ್ ಸಲ್ಫೇಟ್ ನೀರಿನಲ್ಲಿ ಕರಗಲ್ಲ ಅಂತ ಆಮೇಲೆ ನೆನಪಾಯಿತು. ಅಷ್ಟಕ್ಕೇ ಬಿಡದೆ, ಫಿಲ್ಟರ್ ಮಾಡಿ ಓಡಿಸಿದೆ. ಕ್ಯಾಪಿಲರಿ ಕಟ್ಟಿಕೊಂಡು ಕರೆಂಟ್ ಸೊನ್ನೆ.

ಸ್ಯಾಂಪಲ್ ಬಗ್ಗೆ ಇನ್ನೊಂದು ಮಾತು. ಬಿ2 ನೀರಿನಲ್ಲಿ ಬೇಗ ಕರಗಲ್ಲ. ಕರಗಲಿ ಅಂತ ಕಾಸ್ಟಿಕ್ ಸೋಡಾ ಹಾಕೋರು ಇದ್ದಾರೆ. ಹಾಗೆ ಮಾಡಿದರೆ ಬಿ1 ಹಾಳಾಗುತ್ತದೆ, ವಿಟಮಿನ್ ಸಿಯೂ ಉಳಿಯಲ್ಲ. ನೀರನ್ನೇ ಜಾಸ್ತಿ ತೆಗೆದುಕೊಳ್ಳಿ. ಕಂದು ಬಣ್ಣದ ಫ್ಲಾಸ್ಕ್ ಬಳಸಿ, ಬಿ2ಗೆ ಬೆಳಕು ಆಗಲ್ಲ. 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಅವತ್ತೇ ಓಡಿಸಿ. ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಗೆ ಸೇರಿಸುವ, ಪ್ರಮಾಣ ಗೊತ್ತಿರುವ ವಸ್ತು) ಹಾಕಲೇಬೇಕು, ಒಳಹೋಗೋದು ಕೆಲವೇ ನ್ಯಾನೋಲೀಟರ್, ಪ್ರತಿ ಸಲ ಒಂದೇ ಅಳತೆ ಇರಲ್ಲ. ಪೀಕ್‌ನ ಕ್ಷೇತ್ರಫಲವನ್ನು ಮೈಗ್ರೇಶನ್ ಟೈಮ್‌ನಿಂದ (ಪೀಕ್ ಬರಲು ಹಿಡಿದ ಸಮಯ) ಭಾಗಿಸೋದನ್ನೂ ಮರೆಯಬೇಡಿ, ನಿಧಾನ ಬರುವ ಪೀಕ್ ಸುಮ್ನೆ ದಪ್ಪ ಕಾಣುತ್ತದೆ.

ಈಗ ಬಿ12. ನನ್ನ ಕೈಯಲ್ಲಿದ್ದ ಕ್ಯಾಪ್ಸೂಲ್‌ನ ಲೇಬಲ್ ಪ್ರಕಾರ ನಿಕೋಟಿನಮೈಡ್ 100 ಮಿಲಿಗ್ರಾಂ, ಬಿ12 15 ಮೈಕ್ರೋಗ್ರಾಂ. ಅಂದರೆ ಆರೂವರೆ ಸಾವಿರ ಪಟ್ಟಿಗಿಂತ ಹೆಚ್ಚು ಅಂತರ. ಮೇಲಾಗಿ 50 ಮೈಕ್ರಾನ್ ಕ್ಯಾಪಿಲರಿಯಲ್ಲಿ ಬೆಳಕು ಹಾಯುವ ದಾರಿ 0.05 ಮಿಲಿಮೀಟರ್. ಎಚ್‌ಪಿಎಲ್‌ಸಿಯ (ಲಿಕ್ವಿಡ್ ಕ್ರೊಮ್ಯಾಟೋಗ್ರಫಿ, ಅಂದರೆ ಎಲ್‌ಸಿಯ ಒಂದು ಬಗೆ) 10 ಮಿಲಿಮೀಟರ್ ಸೆಲ್‌ಗೆ ಹೋಲಿಸಿದರೆ 200ರಲ್ಲಿ ಒಂದು ಪಾಲು, ಪೀಕ್ ಕೂಡ ಅಷ್ಟೇ ಚಿಕ್ಕದಾಗುತ್ತದೆ. ನೀವು ಬಿ12 ಅಂದುಕೊಂಡ ಪೀಕ್ ನಿಜಕ್ಕೂ ಬಿ12 ಹೌದಾ ಅಂತ ನನಗೆ ಅನುಮಾನ. 361 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ನೋಡಿ. ನಿಕೋಟಿನಮೈಡ್ ಅಲ್ಲಿ ಕಾಣಲ್ಲ, ಬಿ12 ಇದ್ದರೆ ಕಾಣಬೇಕು. ಏನೂ ಕಾಣದಿದ್ದರೆ ಅದನ್ನು ಈ ರನ್‌ನಿಂದ ಕೈಬಿಟ್ಟು, ಮೈಕ್ರೋಬಯಾಲಜಿ ಅಸ್ಸೇ ಅಥವಾ ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಎಲ್‌ಸಿಗೆ ಕಳಿಸಿ. ಉಳಿದ ದೊಡ್ಡ ಡೋಸ್‌ಗಳಿಗೆ ಈ ವಿಧಾನ ಚೆನ್ನಾಗಿದೆ, ದಿನಕ್ಕೆ ಕೆಲವು ಮಿಲಿಲೀಟರ್ ಬಫರ್‌ನಲ್ಲಿ ಕೆಲಸ ಮುಗಿಯುತ್ತದೆ.