ಮಂಡಿ ಚೆನ್ನಾಗಿದೆ, ರೈತ ಕಾಣಬೇಕು

ನಮಸ್ಕಾರ. ಕೋಲಾರದ ಟೊಮೆಟೊ ಮಂಡಿ ಇಟ್ಟುಕೊಂಡು ಕಥೆ ಬರೆದಿದ್ದೀರಿ. ಮೊದಲ ಎರಡು ಪುಟ ಬರೀ ವರ್ಣನೆ ಆಯ್ತು, ರೈತನ ಪಾತ್ರ ಸಪ್ಪೆಯಾಗಿದೆ, ಏನು ಮಾಡಲಿ ಅಂತ ಕೇಳಿದ್ದೀರಿ.

ವರ್ಣನೆಯನ್ನು ಸುಮ್ನೆ ಕತ್ತರಿಸಬೇಡಿ. ಅದನ್ನು ಆ ರೈತನ ಕಣ್ಣಿಂದ ತೋರಿಸಿ. ಮಂಡಿಯಲ್ಲಿ ನೂರು ವಿಷಯ ಇರುತ್ತೆ. ಸಾಲ ಮಾಡಿ ಬೆಳೆದವನಿಗೆ ಕಾಣೋದು ಎರಡೋ ಮೂರೋ. ಪಕ್ಕದವನ ಹಣ್ಣು ತನ್ನದಕ್ಕಿಂತ ಗಟ್ಟಿಯಾಗಿದೆಯಾ? ಹರಾಜು ಕೂಗುವವನು ತನ್ನ ಬಾಕ್ಸ್‌ಗಳ ಮುಂದೆ ಎಷ್ಟು ಹೊತ್ತು ನಿಂತ? ಮೇಲೆ ಒಳ್ಳೆ ಹಣ್ಣು ಜೋಡಿಸಿ, ಕೆಳಗೆ ಬಿರುಕು ಬಿಟ್ಟದ್ದನ್ನು ಮುಚ್ಚಿದ್ದಾನೆ ಅಂದುಕೊಳ್ಳಿ. ಅಲ್ಲಿಗೆ ಜಾಗವೂ ಬಂತು, ಅವನ ಗುಣವೂ ಬಂತು, ಭಯವೂ ಬಂತು. "ಅವನು ಕಷ್ಟದಲ್ಲಿದ್ದ" ಅಂತ ಬರೆಯೋದೇ ಬೇಡ, ಅಲ್ವಾ?

ಕಾಲವನ್ನೂ ಗಟ್ಟಿಯಾಗಿ ಹಿಡಿಯಿರಿ. 2023ರ ಜುಲೈನಲ್ಲಿ ಇಲ್ಲಿ 15 ಕಿಲೋ ಬಾಕ್ಸ್ 2000 ರೂಪಾಯಿ ದಾಟಿತ್ತು. ಆಗ ಕಳ್ಳರ ಭಯಕ್ಕೆ ರಾತ್ರಿಯೆಲ್ಲ ಹೊಲ ಕಾದ ಆ ರೈತನೇ ಇನ್ನೊಂದು ವರ್ಷ ಬೆಲೆ ಬಿದ್ದು ಹಣ್ಣನ್ನು ರಸ್ತೆಗೆ ಸುರಿಯಬಹುದು. ನಿಮ್ಮ ಕಥೆ ಇರೋದೇ ಈ ಎರಡರ ಮಧ್ಯೆ ಅನ್ನಿಸುತ್ತೆ ನನಗೆ.

ಮಾತುಗಳಲ್ಲಿ ಸ್ವಲ್ಪ ತೆಲುಗು ಬರಲಿ. ನಮ್ಮ ಕಡೆ ಜನ ಮಾತಾಡೋದೇ ಹಾಗೆ.

ಇನ್ನು ಆಶಯ. ಕೊನೆಯಲ್ಲಿ ಆ ರೈತನ ಮಗ ರೈತರ ಬಾಳಿನ ಬಗ್ಗೆ ಮಾಡೋ ಭಾಷಣ ಇದೆಯಲ್ಲ, ಅದನ್ನು ದಯವಿಟ್ಟು ತೆಗೆಯಿರಿ. ಖಾಲಿ ಬಾಕ್ಸ್‌ಗಳನ್ನು ಟೆಂಪೋಗೆ ಹಾಕುವಾಗ ಅಪ್ಪ, ಮಗ ಒಂದು ಮಾತೂ ಆಡದೆ ಇರಲಿ. ತಿದ್ದಿ ಹಾಕಿ, ಖಂಡಿತ ಓದುತ್ತೇನೆ.