ಬೆನ್ನುಮೂಳೆಯೊಳಗಿನ ಹೈಡಾಟಿಡ್

ಪ್ರಶ್ನೆ: ನಮ್ಮದು ಕುರಿ ಸಾಕುವ ಮನೆತನ. 42 ವರ್ಷದ ಅಣ್ಣನಿಗೆ ಬಹಳ ದಿನದಿಂದ ಬೆನ್ನುನೋವು. ಮೂಳೆಯ ಕ್ಷಯವೆಂದು ಎಂಟು ತಿಂಗಳು ಮಾತ್ರೆ ನುಂಗಿದರೂ ಗುಣವಾಗಲಿಲ್ಲ. ಎಂಆರ್‌ಐ ನೋಡಿದ ವೈದ್ಯರು ಬೆನ್ನುಮೂಳೆಯ ಹೈಡಾಟಿಡ್ ಇರಬಹುದು, ಶಸ್ತ್ರಚಿಕಿತ್ಸೆ ಬೇಕು ಎನ್ನುತ್ತಾರೆ. ಆದರೆ ರಕ್ತಪರೀಕ್ಷೆಯಲ್ಲಿ ಏನೂ ಕಂಡಿಲ್ಲ. ಮಾತ್ರೆಯಿಂದಲೇ ವಾಸಿಯಾಗದೇ? ಕುರಿಮಾಂಸದಿಂದ ಬಂದಿತೇ?
— ಓದುಗರೊಬ್ಬರು, ಶಿರಾ

ಉತ್ತರ: ರಕ್ತಪರೀಕ್ಷೆಯ ಆ ಒಂದು ವರದಿಯನ್ನು ನಂಬಿ ದಯವಿಟ್ಟು ಚಿಕಿತ್ಸೆಯನ್ನು ಮುಂದೂಡಬೇಡಿ. ಮೂಳೆಯ ಹೈಡಾಟಿಡ್‌ನಲ್ಲಿ ರಕ್ತಪರೀಕ್ಷೆ ರೋಗವನ್ನು ತೋರಿಸದಿರುವುದು ಅಪರೂಪವಲ್ಲ.

ಹೈಡಾಟಿಡ್ ಎಂದರೆ ಎಕೈನೊಕಾಕಸ್ ಎಂಬ ಲಾಡಿಹುಳುವಿನ ಮರಿಹಂತ, ನೀರು ತುಂಬಿದ ಗುಳ್ಳೆ. ಹುಳು ಇರುವುದು ನಾಯಿಯ ಕರುಳಿನಲ್ಲಿ. ಅದರ ಮಲದಲ್ಲಿ ಬಂದ ಮೊಟ್ಟೆಗಳು ಕೈ, ನೀರು, ಸೊಪ್ಪಿನ ಮೂಲಕ ನಮ್ಮ ಹೊಟ್ಟೆ ಸೇರುತ್ತವೆ. ಆದ್ದರಿಂದ ಮಾಂಸ ತಿಂದದ್ದು ಕಾರಣವಲ್ಲ. ಕೊಯ್ದ ಕುರಿಯ ಹಸಿ ಯಕೃತ್ತು, ಶ್ವಾಸಕೋಶಗಳನ್ನು ನಾಯಿಗೆ ಎಸೆಯುವ ರೂಢಿಯಿದ್ದರೆ ಇಂದೇ ನಿಲ್ಲಿಸಿ, ಪಶುವೈದ್ಯರಿಂದ ನಾಯಿಗಳಿಗೆ ಜಂತುಹುಳುವಿನ ಔಷಧಿ ಹಾಕಿಸಿ.

ಮೊಟ್ಟೆಯಿಂದ ಹೊರಟ ಮರಿ ಸಾಮಾನ್ಯವಾಗಿ ಯಕೃತ್ತು ಅಥವಾ ಶ್ವಾಸಕೋಶದಲ್ಲಿ ನೆಲೆಸುತ್ತದೆ. ಮೂಳೆಗೆ ತಗಲುವುದು ನೂರಕ್ಕೆ ನಾಲ್ವರಿಗೂ ಇಲ್ಲ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬೆನ್ನುಮೂಳೆಯಲ್ಲಿ. ಯಕೃತ್ತಿನಲ್ಲಿ ದೇಹವು ಗುಳ್ಳೆಯ ಸುತ್ತ ಗಟ್ಟಿ ಹೊದಿಕೆಯನ್ನು ಕಟ್ಟುತ್ತದೆ. ಮೂಳೆಯಲ್ಲಿ ಆ ಹೊದಿಕೆ ಇರದ ಕಾರಣ ಸಣ್ಣ ಸಣ್ಣ ಗುಳ್ಳೆಗಳು ಮೂಳೆಯ ಸಂದುಗಳಲ್ಲಿ ಬೇರಿನಂತೆ ಹರಡುತ್ತ, ವರ್ಷಗಟ್ಟಲೆ ಸದ್ದಿಲ್ಲದೆ ಅದನ್ನು ಟೊಳ್ಳು ಮಾಡುತ್ತವೆ. ಕ್ಷಯವೂ ಬೆನ್ನುಮೂಳೆಯನ್ನು ಹೀಗೆಯೇ ತಿನ್ನುವುದರಿಂದ, ಕ್ಷಯ ಹೆಚ್ಚಾಗಿರುವ ನಮ್ಮಲ್ಲಿ ಮೊದಲು ಅದೇ ಅನುಮಾನ ಬಂದದ್ದು ಸಹಜ. ಎಂಆರ್‌ಐನಲ್ಲಿ ಗೊಂಚಲು ಗುಳ್ಳೆಗಳು ಕಂಡಾಗ ಹೈಡಾಟಿಡ್ ನೆನಪಾಗಬೇಕು. ಯಕೃತ್ತು, ಶ್ವಾಸಕೋಶಗಳನ್ನೂ ಸ್ಕ್ಯಾನ್ ಮಾಡಿ ನೋಡಬೇಕು. ಯೋಚಿಸದೆ ಸೂಜಿ ಚುಚ್ಚಿದರೆ ಗುಳ್ಳೆಯ ನೀರು ಚೆಲ್ಲಿ ಪ್ರಾಣಾಪಾಯದ ಅಲರ್ಜಿಯಾಗಬಹುದು, ಹೊಸ ಗುಳ್ಳೆಗಳೂ ಹುಟ್ಟಬಹುದು. ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಪದರಪದರದ ಪೊರೆಯೋ ಹುಳುವಿನ ಕೊಕ್ಕೆಗಳೋ ಸಿಕ್ಕರೆ ರೋಗ ಖಚಿತ.

ಮಾತ್ರೆಯೊಂದರಿಂದಲೇ ಮೂಳೆಯ ಹೈಡಾಟಿಡ್ ವಾಸಿಯಾಗುವುದನ್ನು ನೆಚ್ಚಲಾಗದು. ಗಡ್ಡೆಯನ್ನು ತೆಗೆಯುವಂತೆ, ರೋಗ ತಗಲಿದ ಮೂಳೆಯನ್ನು ಸಾಧ್ಯವಾದಷ್ಟು ಪೂರ್ತಿಯಾಗಿ ತೆಗೆದು, ಬೆನ್ನಿಗೆ ಲೋಹದ ಆಧಾರ ಕೊಡಬೇಕಾಗುತ್ತದೆ. ಜೊತೆಗೆ ಆಲ್ಬೆಂಡಜೋಲ್ ಎಂಬ ಜಂತುಹುಳುವಿನ ಮಾತ್ರೆ ತಿಂಗಳುಗಟ್ಟಲೆ ಬೇಕು. ಸಾಮಾನ್ಯವಾಗಿ 400 ಮಿಲಿಗ್ರಾಂ ದಿನಕ್ಕೆರಡು ಬಾರಿ, ಕೊಬ್ಬಿನಂಶವಿರುವ ಊಟದೊಂದಿಗೆ. ಯಕೃತ್ತಿನ ಪರೀಕ್ಷೆ, ರಕ್ತಕಣಗಳ ಎಣಿಕೆ ಆಗಾಗ ಆಗಲೇಬೇಕು. ರೋಗ ಮರುಕಳಿಸುವುದು ಇದರಲ್ಲಿ ಹೆಚ್ಚು, ಆದ್ದರಿಂದ ನೋವು ಹೋದ ಮೇಲೂ ವರ್ಷಗಳ ಕಾಲ ಸ್ಕ್ಯಾನ್ ತಪ್ಪಿಸಬೇಡಿ. ಅಣ್ಣನವರ ಕಾಲಿನಲ್ಲಿ ಬಲ ಕುಂದಿದರೆ, ಜೋಮು ಹಿಡಿದರೆ ಅಥವಾ ಮೂತ್ರ ಕಟ್ಟಿದರೆ, ನಿಗದಿಯಾದ ದಿನಕ್ಕೆ ಕಾಯದೆ ಅಂದೇ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಕರೆದೊಯ್ಯಿರಿ.