ಆಟದಂಗಳ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬೇಸ್‌ಬಾಲ್‌ನಲ್ಲಿ ತಂಡದಿಂದ ತಂಡಕ್ಕೆ ಅಲೆದ ಸಾಧಾರಣ ಇನ್‌ಫೀಲ್ಡರ್‌ಗಳು (ಬೇಸ್‌ಗಳ ಸುತ್ತ ಫೀಲ್ಡಿಂಗ್ ಮಾಡುವವರು) ಎಷ್ಟೋ ಸಲ ಒಳ್ಳೆಯ ಮ್ಯಾನೇಜರ್ (ತಂಡದ ಮುಖ್ಯ ತರಬೇತುದಾರ) ಆಗುತ್ತಾರಲ್ಲ, ಯಾಕೆ? ಮೇಜರ್ ಲೀಗ್‌ಗಿಂತ ಕೆಳಹಂತದ ಮೈನರ್ ಲೀಗ್‌ನಲ್ಲಿ ಮ್ಯಾನೇಜರ್‌ಗೆ ಏನು ಕೆಲಸ?
— ಓದುಗರು, ಮಣಿಪಾಲ

ಉತ್ತರ: ಅಲೆದಾಟಕ್ಕೆ ಕಾರಣ ನಿಯಮದಲ್ಲೇ ಇದೆ. ಮೇಜರ್ ಲೀಗ್ (ಉತ್ತರ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್) ತಂಡದ 40 ಜನರ ಪಟ್ಟಿಯಲ್ಲಿರುವ ಆಟಗಾರನನ್ನು ತಂಡ ಸಾಮಾನ್ಯವಾಗಿ 3 ಸೀಸನ್‌ಗಳಲ್ಲಷ್ಟೇ ಮೈನರ್ ಲೀಗ್‌ಗೆ ಇಳಿಸಿ ಮತ್ತೆ ಕರೆಸಿಕೊಳ್ಳಬಹುದು. ಆಮೇಲೂ ಇಳಿಸಬೇಕೆಂದರೆ ಮೊದಲು ಉಳಿದ ತಂಡಗಳಿಗೆ ಅವನನ್ನು ಪಡೆಯುವ ಅವಕಾಶ ಕೊಡಬೇಕು. ಇನ್ನು 26 ಜನರ ಮೇಜರ್ ಲೀಗ್ ತಂಡದಲ್ಲಿ ಅರ್ಧದಷ್ಟು ಪಿಚರ್‌ಗಳೇ (ಚೆಂಡೆಸೆಯುವವರು). ಹೀಗಾಗಿ ಬೆಂಚಿನ ಇನ್‌ಫೀಲ್ಡರ್‌ಗೆ ಸೆಕೆಂಡ್ ಬೇಸ್, ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವಿನ ಜಾಗ), ಥರ್ಡ್ ಬೇಸ್ ಮೂರೂ ಬರಲೇಬೇಕು. ಚೆಂಡು ಬೀಳುವ ಮೊದಲೇ ಯಾರು ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ ಅವನ ತಲೆಯಲ್ಲಿರುತ್ತದೆ. ಇಂಥ ಇನ್‌ಫೀಲ್ಡರ್ ಟೋನಿ ಲಾ ರುಸಾ ಮೇಜರ್ ಲೀಗ್‌ನಲ್ಲಿ ಆಡಿದ್ದು 132 ಪಂದ್ಯ, ಬ್ಯಾಟಿಂಗ್ ಸರಾಸರಿ ಬರೀ .199. ಮೈನರ್ ಲೀಗ್‌ನಲ್ಲಿ ಪಳಗಿ 1979ರಲ್ಲಿ ಚಿಕಾಗೊ ವೈಟ್ ಸಾಕ್ಸ್ ಮ್ಯಾನೇಜರ್ ಆದರು. ಮುಂದೆ ಮ್ಯಾನೇಜರ್ ಆಗಿ 3 ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಅಂತಿಮ ಪ್ರಶಸ್ತಿ ಸರಣಿ) ಗೆದ್ದರು.

ಮೈನರ್ ಲೀಗ್ ಮ್ಯಾನೇಜರ್ ಗೆಲುವಿಗಿಂತ ಹುಡುಗರನ್ನು ತಯಾರು ಮಾಡುವುದಕ್ಕೆ ಹೊಣೆ. ಪಿಚರ್ ಎಷ್ಟು ಚೆಂಡು ಎಸೆಯಬೇಕೆಂಬ ಮಿತಿ ಮೇಲಿನ ಮೇಜರ್ ಲೀಗ್ ಕ್ಲಬ್‌ನಿಂದ ಬರುತ್ತದೆ. ಗೆಲ್ಲುವ ಹಂತದಲ್ಲಿದ್ದರೂ ಮಿತಿ ಮುಗಿದರೆ ಅವನನ್ನು ತೆಗೆಯಬೇಕು. ಭರವಸೆಯ ಬ್ಯಾಟರ್ ಸಾಲಾಗಿ ವಿಫಲನಾದರೂ ಆಡಿಸಬೇಕು. ಪಂದ್ಯ ಮುಗಿದ ಮೇಲೆ ಪ್ರತಿಯೊಬ್ಬನ ಬಗ್ಗೆ ಕ್ಲಬ್‌ಗೆ ವರದಿ. ಈ ತಾಳ್ಮೆ ಕೆಳಗೂ ಮೇಲೂ ಓಡಾಡಿ ನೊಂದವನಿಗೆ ಬೇಗ ಒಗ್ಗುತ್ತದೆ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ನಮ್ಮ ಶಾಲೆಯ ಹುಡುಗರಿಗೆ ಬೇಸ್‌ಬಾಲ್‌ನ ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡುವುದು) ಕೂಡಿಬರುವುದೇ ಇಲ್ಲ. ಎಲ್ಲರೂ ಕ್ರಿಕೆಟ್ ಆಡಿದವರೇ. ಏನು ಮಾಡಲಿ ಸರ್?
— ದೈಹಿಕ ಶಿಕ್ಷಕರು, ಉಡುಪಿ

ಉತ್ತರ: ಸಮಯ ಸೋರುವುದು ಕೈಯಲ್ಲಿ. ಕ್ರಿಕೆಟಿಗರು ಚೆಂಡನ್ನು ಎದೆಗೆ ಎಳೆದುಕೊಂಡು ಹಿಡಿದು, ಆಮೇಲೆ ಎಸೆಯುತ್ತಾರೆ. ವೃತ್ತಿಪರ ಬಲಗೈ ಬ್ಯಾಟರ್ 90 ಅಡಿ ಓಡಿ ಫಸ್ಟ್ ಬೇಸ್ ತಲುಪಲು ಸುಮಾರು 4.3 ಸೆಕೆಂಡ್ ಸಾಕು. ಅಷ್ಟರೊಳಗೆ ಎರಡು ಎಸೆತ (ಮೊದಲು ಸೆಕೆಂಡ್ ಬೇಸ್‌ಗೆ, ಅಲ್ಲಿಂದ ಫಸ್ಟ್ ಬೇಸ್‌ಗೆ) ಮುಗಿಯಬೇಕು. ಗ್ಲೌಸ್‌ನ ಬೆರಳುಗಳು ನೆಲ ಮುಟ್ಟಿರಲಿ, ಕೈ ಕೆಳಗಿನಿಂದ ಮೇಲಕ್ಕೆ ಏಳಲಿ. ಮೇಲಿನಿಂದ ಇಳಿಸಿದರೆ ಚೆಂಡು ಕೆಳಗೇ ನುಸುಳುತ್ತದೆ. ಬಲಗೈ ಗ್ಲೌಸ್‌ನ ಪಕ್ಕದಲ್ಲೇ ಇರಬೇಕು.

ಸೆಕೆಂಡ್ ಬೇಸ್ 4-5 ಮೀಟರ್ ದೂರದಲ್ಲಿದ್ದರೆ ಜೋರಾಗಿ ಎಸೆಯಬೇಡಿ, ಕೆಳಗೈಯಿಂದ ಎದೆಯ ಎತ್ತರಕ್ಕೆ ಕೊಡಿ. ಹಿಡಿಯುವವನ ಎಡಗಾಲು ಬೇಸ್ ಮೇಲೆ. ಚೆಂಡು ಸಿಕ್ಕ ಕೂಡಲೇ ಬೇಸ್ ಒತ್ತಿ ಬಲಗಾಲಿನ ಮೇಲೆ ಹಿಂದೆ ಸರಿದು, ಎಡಗಾಲು ಫಸ್ಟ್ ಬೇಸ್ ಕಡೆ ಇಟ್ಟು ಎಸೆಯಲಿ. ಬೇಸ್ ಮೇಲೆ ಮೊದಲೇ ಹೋಗಿ ನೆಟ್ಟಗೆ ನಿಂತರೆ ಅಡ್ಡಾದಿಡ್ಡಿ ಬಂದ ಚೆಂಡಿಗೆ ಕೈ ಚಾಚಲಾಗದು.

ನಮ್ಮ ಕರಾವಳಿಯ ಮುರಕಲ್ಲು ಮೈದಾನದಲ್ಲಿ ಹರಳು ತಾಗಿ ಚೆಂಡು ಮುಖಕ್ಕೆ ಎಗರುತ್ತದೆ. ಮೊದಲು ಜಾಗ ಗುಡಿಸಿ. ಬ್ಯಾಟ್ ಬೇಡ, ಮೊಣಕಾಲೂರಿದ ಹುಡುಗರಿಗೆ 5 ಮೀಟರ್‌ನಿಂದ ಕೈಯಲ್ಲೇ ಚೆಂಡು ಉರುಳಿಸಿ. ಅದು ಕುದುರಿದ ಮೇಲೆ ಸೆಕೆಂಡ್ ಬೇಸ್‌ಗೆ ಒಂದೇ ಎಸೆತ. ಫಸ್ಟ್ ಬೇಸ್‌ನ ಎಸೆತ ಕೊನೆಗೆ ಸೇರಿಸಿ.